ಹಳೆ ಬ್ಯಾಂಕ್ ಕಟ್ಟಡ ಲಾಡ್ಜ್ ಆಗುವಾಗ: ಗೋಡೆಗೆ ಸಿಮೆಂಟೋ, ಜಿಪ್ಸಮ್ಮೋ, ಸುಣ್ಣದ ಗಾರೆಯೋ?

ತುಮಕೂರು ಪೇಟೆಯಲ್ಲಿ ಬ್ಯಾಂಕ್ ನಡೆಯುತ್ತಿದ್ದ ಹಳೆ ಕಟ್ಟಡವನ್ನು ಲಾಡ್ಜ್ ಮಾಡಹೊರಟರೆ ಹೆಚ್ಚು ಕಾಡುವುದು ಸ್ಟ್ರಾಂಗ್‌ರೂಮ್, ಅಂದರೆ ಹಣ-ಒಡವೆ ಇಡುತ್ತಿದ್ದ ಭದ್ರ ಕೋಣೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಸುಣ್ಣದ ಗಾರೆಯ ಕಟ್ಟಡ, ಕಿಟಕಿಯಿಲ್ಲ. ತಳಪಾಯದಲ್ಲಿ ತೇವ ತಡೆಯುವ ಪದರವಿಲ್ಲದ ಕಾರಣ ನೆಲದ ನೀರು ಗೋಡೆಯೊಳಗೇ ಮೇಲೇರುತ್ತದೆ. ಅಂಥ ಒಂದೇ ಗೋಡೆಯಲ್ಲಿ ನಾಲ್ಕಡಿ ಎತ್ತರಕ್ಕೆ ಸಿಮೆಂಟ್, ಜಿಪ್ಸಮ್, ಸುಣ್ಣದ ಗಾರೆ ಹೀಗೆ ಮೂರು ಪಟ್ಟಿ ಬಳಿದು, ಒಂದು ಮಳೆಗಾಲ ಕಳೆದ ಮೇಲೆ ಕಂಡದ್ದು ಇಷ್ಟು.

ಸಿಮೆಂಟ್, 1:4 (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು), 12 ಮಿ.ಮೀ. ದಪ್ಪ. ಒಂದೇ ದಿನದ ಕೆಲಸ, ಒಂದು ವಾರ ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆಯಾಗಿಡುವುದು. ಮೊದಲು ಅಚ್ಚುಕಟ್ಟು. ಆದರೆ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಪಟ್ಟಿಯ ಮೇಲಂಚು ದಾಟಿ ಏರಿತು, ಅಲ್ಲಿ ಬಿಳಿ ಉಪ್ಪು ಕಟ್ಟಿತು. ತಟ್ಟಿದರೆ ಟೊಳ್ಳು ಸದ್ದು. ಕಿತ್ತಾಗ ಮೆತ್ತನೆಯ ಹಳೆ ಇಟ್ಟಿಗೆಯ ಮುಖವೂ ಜೊತೆಗೇ ಬಂತು. ಇದು ಸರಿಪಡಿಸಲಾಗದ ನಷ್ಟ.

ಜಿಪ್ಸಮ್‌ಗೆ ಮರಳೂ ಬೇಡ, ಕ್ಯೂರಿಂಗೂ ಬೇಡ. ಒಣಗಿದ ಮಹಡಿ ಗೋಡೆಗೆ ಚೆನ್ನ. ತೇವದಲ್ಲಿ ಉಗುರಿಗೆ ಸಿಗುವಷ್ಟು ಮೆತ್ತಗಾಗುತ್ತದೆ.

ಗೆದ್ದದ್ದು ಸುಣ್ಣದ ಗಾರೆ, ಆದರೆ ಅದಕ್ಕೆ ತಾಳ್ಮೆ ಬೇಕು. ಅರಳಿಸಿದ ಸುಣ್ಣ ಒಂದು ಪಾಲು, ಸೋಸಿದ ಮರಳು ಎರಡು, ಇಟ್ಟಿಗೆ ಪುಡಿ ಒಂದು. ಸುಣ್ಣ ಕನಿಷ್ಠ ಹದಿನೈದು ದಿನ ನೀರಿನಡಿ ಇದ್ದು, ಜರಡಿ ಹಿಡಿದಿರಬೇಕು. ಅರಳದ ಹರಳು ಉಳಿದರೆ ತಿಂಗಳುಗಳ ಮೇಲೆ ಗುಳ್ಳೆ ಎದ್ದು ಸಿಡಿಯುತ್ತದೆ. ಹಿಂದಿನ ಸಂಜೆಯೇ ಗೋಡೆ ನೆನೆಸಿ, 10 ಮಿ.ಮೀ. ಮೊದಲ ಪದರ ಹಾಕಿ ಗೀರಬೇಕು. ವಾರ ಬಿಟ್ಟು 5 ಮಿ.ಮೀ. ಎರಡನೆಯದು. ಆಮೇಲೆ ಹತ್ತು ದಿನ ಒದ್ದೆ ಗೋಣಿ. ಬೇಗ ಒಣಗಿದರೆ ಕೂದಲೆಳೆ ಬಿರುಕು. ಬೋರ್‌ವೆಲ್‌ನ ಗಡಸು ನೀರು ಬೇಡ, ಉಪ್ಪು ಸೇರುತ್ತದೆ. ಮಳೆನೀರು ಹಿಡಿದಿಟ್ಟರೆ ಉತ್ತಮ. ಈ ಪಟ್ಟಿಯ ಬುಡದಲ್ಲೂ ಉಪ್ಪು ಕಾಣಿಸಿತು ನಿಜ, ಆದರೆ ಒಣ ಬ್ರಷ್‌ಗೆ ಉದುರಿತು, ಗಾರೆ ಅಲುಗಲಿಲ್ಲ. ಮೇಲೆ ಸುಣ್ಣವನ್ನೇ ಬಳಿಯಬೇಕು. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಪಟ್ಟ ಪಾಡೆಲ್ಲ ವ್ಯರ್ಥ. ಗಾಳಿಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ಬಚ್ಚಲಿನ ಮಾತು ಬೇರೆ. ದಿನವೂ ನೀರು ಎರಚುವ ಕಡೆ ಸುಣ್ಣದ ಗಾರೆ ನಿಲ್ಲುವುದಿಲ್ಲ. ಹಳೆ ಗೋಡೆ ಕೊರೆದು ಪೈಪ್ ಹುದುಗಿಸದೆ, ಅದರಿಂದ ಎರಡಿಂಚು ಬಿಟ್ಟು ನಾಲ್ಕಿಂಚಿನ ಹೊಸ ಗೋಡೆ ಕಟ್ಟಿ, ಸಿಮೆಂಟು, ಟೈಲ್ಸು, ಪೈಪು ಎಲ್ಲವನ್ನೂ ಅದಕ್ಕೇ ಕೊಡಿ. ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಹಳೆ ಛಾವಣಿ) ಮೇಲಂತೂ ಬಚ್ಚಲು ಕೂಡದು: ಗೋಡೆಯೊಳಗೆ ಹುದುಗಿದ ತೇಗದ ತೊಲೆಯ ತುದಿ ಕೊಳೆಯುವುದು ಕೆಳಗಿನಿಂದ ಕಾಣುವುದಿಲ್ಲ.