ದುಡ್ಡು ಕೊಟ್ಟು ಸುಮ್ನಿರೋದು ಕಲಿತೆ: 16 ವಾರದ ಸ್ಟ್ರೆಂತ್ ಪ್ಲಾನ್ ಮುಗಿಸಿದ ಮೇಲೆ

ಹೆಂಗಸರಿಗಾಗಿಯೇ ಮಾಡಿದ್ದು ಅನ್ನುವ ಈ ಆನ್‌ಲೈನ್ ಪ್ಲಾನ್‌ಗೆ ಸೇರುವಾಗ ನನಗೆ ಬೇಕಾಗಿದ್ದದ್ದು ಒಂದೇ. ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದರಲ್ಲಿ, 80 ಕೆಜಿ ದಾಟಬೇಕು. ಐದು ತಿಂಗಳಿಂದ ಅಲ್ಲೇ ನಿಂತುಬಿಟ್ಟಿದ್ದೆ. ವಯಸ್ಸು 41, ವೇಟ್ಸ್ ಎತ್ತಲು ಶುರುಮಾಡಿ ಮೂರು ವರ್ಷ. ವಾರಕ್ಕೆ ಐದು ದಿನ ಜಿಮ್. ಒಂದು ದಿನ ತಪ್ಪಿದರೂ ಏನೋ ಕಳಕೊಂಡ ಹಾಗೆ ಆಗುತ್ತಿತ್ತು. ಇನ್ನೂ ಜಾಸ್ತಿ ಎತ್ತಿಸುತ್ತಾರೆ ಅಂದುಕೊಂಡು ದುಡ್ಡು ಕಟ್ಟಿದೆ. ಆಪ್ ತೆರೆದು ನೋಡಿದರೆ ವಾರಕ್ಕೆ ಮೂರೇ ದಿನ. ಅದರಲ್ಲೂ 4, 8, 12ನೇ ವಾರಕ್ಕೆ ತಿಳಿನೀಲಿ ಬಣ್ಣ ಬಳಿದು 'ಡಿಲೋಡ್' ಅಂತ ಬರೆದಿತ್ತು. ಇದಕ್ಕಾ ದುಡ್ಡು ಕೊಟ್ಟಿದ್ದು ಅನ್ನಿಸಿತು.

ಡಿಲೋಡ್ ಅಂದರೆ ಜಿಮ್‌ಗೆ ರಜಾ ಅಲ್ಲ. ಹೋಗಬೇಕು, ಅದೇ ವ್ಯಾಯಾಮ ಮಾಡಬೇಕು, ಆದರೆ ಕಡಿಮೆ. ಮೂರನೇ ವಾರ ನನಗೆ ಕೊಟ್ಟಿದ್ದ ಡೆಡ್‌ಲಿಫ್ಟ್ 65 ಕೆಜಿ, ಐದೈದು ರೆಪ್, ನಾಲ್ಕು ಸೆಟ್. ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ಅಂಥ ಐದು ಸೇರಿ ಒಂದು ಸೆಟ್. ಎಲ್ಲ ಕೂಡಿದರೆ 1300 ಕೆಜಿ. ನಾಲ್ಕನೇ ವಾರ 50 ಕೆಜಿ, ಐದೈದು ರೆಪ್, ಎರಡೇ ಸೆಟ್. 500 ಕೆಜಿ. ಅರ್ಧವೂ ಇಲ್ಲ. ಕೋಚ್ ಕಳಿಸಿದ್ದ ವಿವರಣೆ ಸರಳವಾಗಿತ್ತು. ಎತ್ತುತ್ತಾ ಹೋದ ಹಾಗೆ ಶಕ್ತಿ ಬೆಳೆಯುತ್ತೆ, ಜೊತೆಗೆ ದಣಿವೂ ಸೇರುತ್ತಾ ಹೋಗುತ್ತೆ. ದಣಿವು ಮೇಲೆ ಕೂತುಕೊಂಡರೆ ಕೆಳಗಿರುವ ಶಕ್ತಿ ಕಾಣುವುದಿಲ್ಲ. ಒಂದು ವಾರ ಭಾರ ಇಳಿಸಿದರೆ ದಣಿವು ಬೇಗ ಇಳಿಯುತ್ತೆ, ಶಕ್ತಿ ಅಷ್ಟು ಬೇಗ ಹೋಗುವುದಿಲ್ಲ.

ಓದಿದೆ, ಒಪ್ಪಿದೆ, ಪಾಲಿಸಲಿಲ್ಲ.

ನಾಲ್ಕನೇ ವಾರದ ಆ ದಿನ 50 ಕೆಜಿ ಎತ್ತಿದಾಗ ಏನೂ ಎತ್ತಿದ ಹಾಗೇ ಇರಲಿಲ್ಲ. ಪಕ್ಕದ ರ್‍ಯಾಕ್‌ನಲ್ಲಿ ಒಬ್ಬ ಹುಡುಗಿ 70 ಹಾಕಿಕೊಂಡಿದ್ದಳು. ನಾನೂ 70 ಹಾಕಿದೆ. ವಾರಕ್ಕೊಂದು ವಿಡಿಯೊ ಕಳಿಸಬೇಕು, ಅದನ್ನೇ ಕಳಿಸಿದೆ. ಹೊಗಳುತ್ತಾರೆ ಅಂತ ಆಸೆ ಬೇರೆ. ಸಂಜೆ ಒಂದೇ ಸಾಲು ಬಂತು: "ಮೇಡಂ, 50 ಬರೆದಿತ್ತು. 70 ಯಾಕೆ?" ಅದರ ಕೆಳಗೆ ನನ್ನದೇ ವಿಡಿಯೊದ ಎರಡು ಚಿತ್ರ. ಮೊದಲ ರೆಪ್‌ನಲ್ಲಿ ಬಾರ್ ಕಾಲಿಗೆ ಸವರಿಕೊಂಡೇ ಮೇಲೆ ಬಂದಿದೆ. ಐದನೆಯದರಲ್ಲಿ ಬಾರ್ ಕಾಲಿನಿಂದ ಎರಡು ಬೆರಳು ಮುಂದೆ, ಸೊಂಟ ಆಗಲೇ ಎದ್ದಿದೆ, ಎದೆ ಇನ್ನೂ ನೆಲ ನೋಡುತ್ತಿದೆ. ಉತ್ತರ ಕೊಡಲಿಲ್ಲ. ಐದನೇ ವಾರ 67.5ರಲ್ಲಿ ಕೊನೆಯ ಸೆಟ್‌ನ ಮೂರನೇ ರೆಪ್‌ಗೆ ಹಿಡಿತವೇ ಬಿಟ್ಟುಹೋಯಿತು. ಆಗಲೂ ತಪ್ಪು ನನ್ನದು ಅಂತ ಒಪ್ಪಲಿಲ್ಲ. ಹಿಡಿತಕ್ಕೆ ಕೈಗೆ ಹಚ್ಚುವ ಚಾಕ್ ಪುಡಿ ಸರಿಯಿಲ್ಲ ಅಂದುಕೊಂಡೆ!

ಈಗ ಆಪ್‌ನ ಕಥೆ. ಮೊದಲ ವಾರವೇ ಒಂದು ತಮಾಷೆ ಆಯಿತು. 60 ಕೆಜಿಗೆ ಎಷ್ಟು ಪ್ಲೇಟ್ ಹಾಕಬೇಕು ಅಂತ ಕೇಳಿದರೆ ಎರಡೂ ಕಡೆ 20 ಅಂದಿತು. ಹಾಗೇ ಹಾಕಿದೆ, ಹಗುರಾಗಿ ಬಂತು, ಖುಷಿಪಟ್ಟೆ. ಎರಡು ದಿನ ಬಿಟ್ಟು ಹೊಳೆಯಿತು. ನಾನು ಎತ್ತುವುದು ಹೆಂಗಸರ ಬಾರ್‌ನಲ್ಲಿ. ಅದರ ತೂಕ 15 ಕೆಜಿ, ದಪ್ಪ 25 ಮಿಲಿಮೀಟರ್. ಆಪ್ ಲೆಕ್ಕ ಹಾಕಿದ್ದು 20 ಕೆಜಿಯ ಗಂಡಸರ ಬಾರ್‌ಗೆ. ಅಂದರೆ ನಾನು ಎತ್ತಿದ್ದು 55. ಬದಲಾಯಿಸುವ ಜಾಗ ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಮೂಲೆಯಲ್ಲಿತ್ತು. ಹೆಂಗಸರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 2000ರಲ್ಲಿ, ಸಿಡ್ನಿಯಲ್ಲಿ. ಕರ್ಣಂ ಮಲ್ಲೇಶ್ವರಿ ಕಂಚು ತಂದದ್ದು ಆಗಲೇ. ಇಷ್ಟು ವರ್ಷ ಆದಮೇಲೂ ಹೆಂಗಸರಿಗೇ ಅಂತ ಮಾಡಿದ ಆಪ್‌ಗೆ ನಮ್ಮ ಬಾರ್ ಗೊತ್ತಿಲ್ಲ ಅಂದರೆ ಏನು ಹೇಳೋದು?

ಸೆಟ್‌ಗಳ ನಡುವಿನ ಟೈಮರ್ ಮಾತ್ರ ನನ್ನ ಅಭ್ಯಾಸವನ್ನೇ ಬದಲಾಯಿಸಿತು. ದೊಡ್ಡ ಲಿಫ್ಟ್‌ಗಳಿಗೆ ಮೂರು ನಿಮಿಷ, ಸಣ್ಣವಕ್ಕೆ ಒಂದೂವರೆ. ಮೊದಲೆಲ್ಲ ಒಂದು ನಿಮಿಷವೂ ಕೂರುತ್ತಿರಲಿಲ್ಲ. ಸುಮ್ನೆ ಕೂತರೆ ಯಾರಾದರೂ "ಆಂಟಿ, ಮುಗೀತಾ?" ಅಂತ ಬಂದುಬಿಡುತ್ತಾರೆ ಅನ್ನುವ ಸಂಕೋಚ. ಅದಕ್ಕೇ ನಡುವೆ ಸ್ಕಿಪ್ಪಿಂಗ್ ಮಾಡುತ್ತಿದ್ದೆ. ಭಾರ ಎತ್ತಲು ಸ್ನಾಯು ಮೊದಲು ಬಳಸುವ ಇಂಧನ ಬಹುಪಾಲು ತುಂಬಿಕೊಳ್ಳಲು ಸುಮಾರು ಮೂರು ನಿಮಿಷ ಬೇಕು. ನಾನು ತುಂಬುವ ಮೊದಲೇ ಖಾಲಿ ಮಾಡುತ್ತಿದ್ದೆ. ಈಗ ಯಾರು ಬಂದು ಕೇಳಿದರೂ "ಇನ್ನೂ ಎರಡು ಸೆಟ್ ಇದೆಯಪ್ಪಾ" ಅಂತೀನಿ. ಆದರೆ ಫೋನ್ ಲಾಕ್ ಆದರೆ ಈ ಟೈಮರ್ ನಿಂತುಹೋಗುತ್ತೆ. 16 ವಾರದಲ್ಲಿ ಎರಡು ಅಪ್‌ಡೇಟ್ ಬಂತು, ಎರಡರಲ್ಲೂ ಬರೀ ಬಣ್ಣ ಬದಲಾಯಿತು. ಕೊನೆಗೆ ಕೈಗಡಿಯಾರ ನೋಡಿಕೊಂಡೆ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಆರನೇ ವಾರ ಅಮ್ಮನಿಗೆ ಹುಷಾರಿರಲಿಲ್ಲ. ಮೂರು ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಏಳುವಾಗಲೇ ನಾಡಿ ಎಂದಿಗಿಂತ ಜೋರು, ಖಾಲಿ ಬಾರ್ ಹಿಡಿದರೂ ಕೈ ಸೋಲುತ್ತಿತ್ತು. ಡಿಲೋಡ್ ಬೇಕಾಗಿದ್ದದ್ದು ಆಗ. ಆದರೆ ಕ್ಯಾಲೆಂಡರ್‌ನಲ್ಲಿ ನೀಲಿ ಇದ್ದದ್ದು ಎಂಟನೇ ವಾರಕ್ಕೆ, ಅದನ್ನು ಹಿಂದೆ ಮುಂದೆ ಜರುಗಿಸಲು ಬರುವುದಿಲ್ಲ. ಕೋಚ್‌ಗೆ ಬರೆದೆ. ಉತ್ತರ ಬಂದದ್ದು ನಾಲ್ಕು ದಿನ ಕಳೆದು, ಅಷ್ಟರಲ್ಲಿ 70 ಕೆಜಿಯ ನಾಲ್ಕು ಸೆಟ್ ಹೇಗೋ ಎಳೆದು ಮುಗಿಸಿದ್ದೆ. ನಾಲ್ಕನೇ ವಾರದ ಕಳ್ಳತನವನ್ನು ಸಂಜೆಯೊಳಗೆ ಹಿಡಿದವರಿಗೆ ಇದು ಕಾಣಿಸಲಿಲ್ಲವಲ್ಲ ಅಂತ ಬೇಜಾರಾಯಿತು. ಪ್ರತಿ ಸೆಟ್ ಆದಮೇಲೆ ಇನ್ನೂ ಎಷ್ಟು ರೆಪ್ ಆಗುತ್ತಿತ್ತು ಅಂತ ಆಪ್ ಕೇಳುತ್ತೆ. ಎಷ್ಟು ಕಷ್ಟವಾಯಿತು ಅಂತ ಹತ್ತರಲ್ಲಿ ಅಂಕ ಒತ್ತಬೇಕು: ಎರಡು ಆಗುತ್ತಿತ್ತು ಅಂದರೆ 8, ಒಂದೂ ಆಗುತ್ತಿರಲಿಲ್ಲ ಅಂದರೆ 10. ಆ ವಾರ ನಾಲ್ಕೂ ಸೆಟ್‌ಗೆ 10 ಒತ್ತಿದ್ದೆ. ಕೇಳಿಸಿಕೊಳ್ಳದ ಮೇಲೆ ಕೇಳೋದು ಯಾಕೆ?

ಎಂಟನೇ ವಾರ ಬರುವ ಹೊತ್ತಿಗೆ ಹಟ ಮಾಡುವ ತ್ರಾಣವೂ ಉಳಿದಿರಲಿಲ್ಲ. ಬರೆದಿದ್ದನ್ನೇ ಮಾಡಿದೆ. 55 ಕೆಜಿ, ಎರಡು ಸೆಟ್, ಬೆಲ್ಟ್ ಬಿಚ್ಚಿ ಬ್ಯಾಗ್‌ಗೆ ಹಾಕಿ ಮನೆ. ಗುರುವಾರ ಚೆನ್ನಾಗಿ ನಿದ್ದೆ ಬಂತು. ಶನಿವಾರ ಮೆಟ್ಟಿಲು ಹತ್ತುವಾಗ ಮೊಣಕಾಲು ಸುಮ್ಮನಿತ್ತು. ಒಂಬತ್ತನೇ ವಾರ 75 ಕೆಜಿ, ಮೂರು ಮೂರು ರೆಪ್. ಬಾರ್ ನೆಲ ಬಿಟ್ಟದ್ದೇ ತಿಳಿಯಲಿಲ್ಲ. ಪ್ಲೇಟ್ ತಪ್ಪಾಗಿ ಹಾಕಿದೆನಾ ಅಂತ ಎರಡು ಸಲ ಎಣಿಸಿದೆ. ಒಂದು ಸಲ ಮೋಸ ಹೋದವಳಲ್ವಾ.

ಮುಟ್ಟಿನ ವಿಷಯಕ್ಕೆ ಆಪ್‌ನಲ್ಲಿ ಒಂದು ಬಟನ್ ಇದೆ. ಒತ್ತಿದರೆ ತಿಂಗಳ ದಿನ ನೋಡಿಕೊಂಡು ತಾನೇ ಭಾರ ಇಳಿಸುತ್ತೆ. ನನಗೆ ಇದು ಹಿಡಿಸಲಿಲ್ಲ. ಎಲ್ಲರ ಮೈಗೂ ಒಂದೇ ನಿಯಮ ಹೊಂದುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರವೂ ಇಲ್ಲ. ನನಗೆ ಮೊದಲ ದಿನ ಸೊಂಟ ಬಿಡಲ್ಲ, ಆದರೆ ಬಾರ್ ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟ್‌ನಲ್ಲಿ ನನ್ನ ಅತಿ ಹೆಚ್ಚು ಭಾರ ಬಂದದ್ದು ಎರಡನೇ ದಿನ! ಬಟನ್ ಆಫ್ ಮಾಡಿ, ದಿನಾಂಕದ ಪಕ್ಕ ಒಂದು ಚುಕ್ಕೆ ಇಡಲು ಶುರುಮಾಡಿದೆ. ಸೇರುವಾಗ ಮುಟ್ಟು ಸರಿಯಾಗಿ ಬರುತ್ತಿದೆಯಾ ಅಂತ ಕೇಳಿದ್ದು ಮಾತ್ರ ಒಳ್ಳೆಯದು. ಮೈಗೆ ಬೇಕಾದಷ್ಟು ತಿನ್ನದೆ ಜಾಸ್ತಿ ತರಬೇತಿ ಮಾಡಿದರೆ ಮುಟ್ಟು ನಿಲ್ಲಬಹುದು, ಮೂಳೆಗೂ ಪೆಟ್ಟು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇಂಥ ತೊಂದರೆಗಳನ್ನೆಲ್ಲ ಸೇರಿಸಿ ರೆಡ್-ಎಸ್ ಅಂತ ಹೆಸರಿಟ್ಟಿತು. ಮುಟ್ಟು ನಿಂತರೆ ಡಿಲೋಡ್ ಸಾಲದು, ಡಾಕ್ಟರ ಹತ್ತಿರ ಹೋಗಬೇಕು.

14ನೇ ವಾರ 85 ಕೆಜಿ ಎರಡು ರೆಪ್ ಬಂತು. ಆಪ್‌ನ ಲೆಕ್ಕದಲ್ಲಿ ಒಂದೇ ರೆಪ್‌ಗೆ 90.7 ಆಗಬೇಕು. 15ನೇ ವಾರ ಮತ್ತೆ ಹಗುರ. 16ನೇ ವಾರದ ಟೆಸ್ಟ್‌ಗೆ ಕೋಚ್ 90 ಅಂದರು. ಮೊಣಕಾಲು ದಾಟುವಾಗ ಬಾರ್ ಒಂದು ಕ್ಷಣ ನಿಂತಿತು, ಆಮೇಲೆ ಬಂತು. ಇನ್ನೊಂದು ಎರಡೂವರೆ ಹಾಕೋಣ ಅಂತ ಪ್ಲೇಟ್ ಕೈಗೆ ತೆಗೆದುಕೊಂಡಿದ್ದೆ. ವಾಪಸ್ ಇಟ್ಟೆ.

5ಕ್ಕೆ ಮೂರೂವರೆ ಕೊಡುತ್ತೇನೆ. ಈಗಷ್ಟೇ ಬಾರ್ ಹಿಡಿದವರಿಗೆ ಇದು ಬೇಡ, ಅವರಿಗೆ ಎದುರಿಗೆ ನಿಂತು ತಿದ್ದುವವರು ಬೇಕು. ನನ್ನ ಹಾಗೆ ಒಂದೇ ಕಡೆ ನಿಂತು, ದಿನಾ ಜಿಮ್‌ಗೆ ಓಡುವವರಿದ್ದರೆ ಸೇರಿ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಬಾರ್‌ನ ತೂಕ ಬದಲಾಯಿಸಿ. ನಾನು ಮತ್ತೆ 16 ವಾರಕ್ಕೆ ಹೆಸರು ಕೊಟ್ಟಿದ್ದೇನೆ. ನೀಲಿ ವಾರಗಳನ್ನು ಈ ಸಲ ನನ್ನ ಡೈರಿಯಲ್ಲೂ ಗುರುತು ಮಾಡಿದ್ದೇನೆ, ಪೆನ್ಸಿಲ್‌ನಲ್ಲಿ.