ಹಳೆಯ ವಿಳಾಸವಿಲ್ಲದ ಅಗ್ಗದ ಸರ್ವರ್: ಎಂಟು ತಿಂಗಳ ಬಳಕೆಯ ನಂತರ

ಯುರೋಪಿನ ಹೋಸ್ಟಿಂಗ್ ಸಂಸ್ಥೆಯೊಂದು ಮಾರುವ, ಐಪಿವಿ6 ವಿಳಾಸ (ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಹೊಸ ಬಗೆಯ ಸಂಖ್ಯೆ) ಮಾತ್ರವಿರುವ ಪುಟ್ಟ ವರ್ಚುವಲ್ ಸರ್ವರನ್ನು ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ಶಾಸನಗಳ ಚಿತ್ರಗಳಿರುವ ಸಣ್ಣ ಕನ್ನಡ ಜಾಲತಾಣವೊಂದು ಅದರ ಮೇಲೆ ನಡೆಯುತ್ತಿದೆ. ಯಂತ್ರದ ಬಗ್ಗೆ ನನ್ನ ದೂರಿಲ್ಲ. ವೇಗವಿದೆ, ಒಮ್ಮೆಯೂ ನಿಂತಿಲ್ಲ. ಹೇಳಬೇಕಾದದ್ದೆಲ್ಲ ವಿಳಾಸದ ಕುರಿತೇ ಇದೆ.

ಹಳೆಯ ಬಗೆಯ ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿಯಿತು, ಯುರೋಪಿನ ಪಾಲು 2019ರ ನವೆಂಬರಿನಲ್ಲಿ. ಈಗ ವಿಳಾಸವೂ ನಿವೇಶನದಂತೆ ಬೆಲೆಬಾಳುವ ಸರಕು. ಅಮೆಜಾನ್ ವೆಬ್ ಸರ್ವಿಸಸ್ 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್, ಅಂದರೆ ತಿಂಗಳಿಗೆ ಸುಮಾರು 3.60 ಡಾಲರ್ ಪಡೆಯುತ್ತಿದೆ. ಇಂಥ ಖರ್ಚನ್ನು ಉಳಿಸುವ ಆಸೆಯಿಂದಲೇ ನಾನು ಈ ಸರ್ವರನ್ನು ಕೊಂಡೆ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬಂತೆ, ಸರ್ವರ್ ಎಂದ ಮೇಲೆ ಹೊರಗಿನ ಕೋಡನ್ನು ಇಳಿಸಿಕೊಳ್ಳಲೇಬೇಕು. ಆಪರೇಟಿಂಗ್ ಸಿಸ್ಟಂನ ಅಪ್‌ಡೇಟ್‌ಗಳು ಸರಾಗವಾಗಿ ಬಂದವು. ಆದರೆ ನಾನು ನೆಚ್ಚಿದ್ದ ಪ್ರಸಿದ್ಧ ಕೋಡ್ ಭಂಡಾರಕ್ಕೆ ಐಪಿವಿ6 ವಿಳಾಸವೇ ಇರಲಿಲ್ಲವಾದ್ದರಿಂದ ಮೊದಲ ಸಂಜೆಯೇ ಕೆಲಸ ನಿಂತಿತು. ಇದಕ್ಕೆ ಮದ್ದು ಡಿಎನ್‌ಎಸ್64 ಮತ್ತು ನ್ಯಾಟ್64 ಎಂಬ ಜೋಡಿ. ಹಳೆಯ ವಿಳಾಸವಷ್ಟೇ ಇರುವ ತಾಣವನ್ನು ಹುಡುಕಿದಾಗ ಮೊದಲನೆಯದು ಆ ವಿಳಾಸದ 32 ಬಿಟ್‌ಗಳನ್ನು ಹೊಸ ಮಾದರಿಯ ವಿಳಾಸವೊಂದರೊಳಗೆ ಸೇರಿಸಿ ಕೊಡುತ್ತದೆ, ಎರಡನೆಯದು ನಡುವೆ ದುಭಾಷಿಯಂತೆ ನಿಂತು ಸಂಚಾರವನ್ನು ದಾಟಿಸುತ್ತದೆ. ನನ್ನ ಮಾರಾಟಗಾರರು ಇದನ್ನು ಒದಗಿಸುವುದಿಲ್ಲ. ಸ್ವಯಂಸೇವಕರು ಉಚಿತವಾಗಿ ನಡೆಸುವ ದ್ವಾರವನ್ನು ಬಳಸಬೇಕಾಯಿತು. ಗುರುತಿಲ್ಲದವರ ಯಂತ್ರದ ಮೂಲಕ ಹೋಗುವಾಗ ಎನ್‌ಕ್ರಿಪ್ಷನ್ ಇರುವ ಕಡೆ ವಿಷಯ ಗುಟ್ಟಾಗಿಯೇ ಉಳಿದರೂ, ನಾನು ಎಲ್ಲಿಗೆ ಹೋಗುತ್ತಿದ್ದೇನೆಂಬುದು ಅವರಿಗೆ ತಿಳಿಯುತ್ತದೆ. ಹೆಸರಿನ ಬದಲು ಐಪಿವಿ4 ಅಂಕಿಗಳನ್ನೇ ನೇರವಾಗಿ ಬರೆದಿಟ್ಟುಕೊಂಡ ತಂತ್ರಾಂಶಕ್ಕಂತೂ ಡಿಎನ್‌ಎಸ್64ರಿಂದ ಪ್ರಯೋಜನವೇ ಇಲ್ಲ. ಅಂಥದ್ದೊಂದನ್ನು ಪತ್ತೆ ಹಚ್ಚಲು ನನಗೆ ಎರಡು ರಾತ್ರಿ ಹಿಡಿಯಿತು. ಮಾರಾಟಗಾರರ ಪುಟದಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನ್ನ ಮುಖ್ಯ ಆಕ್ಷೇಪ.

ಒಳಬರುವವರ ಕಷ್ಟ ಬೇರೆ ಬಗೆಯದು. ಜಿಯೊ ಮೊಬೈಲಿನಲ್ಲಿ ತಾಣ ತಟ್ಟನೆ ತೆರೆಯಿತು, ಐಪಿವಿ6 ಇಲ್ಲದ ನನ್ನ ಕಚೇರಿಯ ಬ್ರಾಡ್‌ಬ್ಯಾಂಡಿನಲ್ಲಿ ತೆರೆಯಲೇ ಇಲ್ಲ. ಎರಡೂ ಬಗೆಯ ವಿಳಾಸಗಳಿರುವ ಪ್ರಾಕ್ಸಿಯೊಂದನ್ನು (ಓದುಗರ ಕೋರಿಕೆಗಳನ್ನು ಪಡೆದು ನನ್ನ ಸರ್ವರಿಗೆ ದಾಟಿಸುವ ಮಧ್ಯವರ್ತಿ ಸರ್ವರ್) ಮುಂದೆ ನಿಲ್ಲಿಸಿದ ಮೇಲೆ ಓದುಗರ ಸಮಸ್ಯೆ ತೀರಿತಾದರೂ, ಸರ್ವರಿನ ಭೇಟಿಗಳ ದಾಖಲೆಯಲ್ಲಿ ಎಲ್ಲರೂ ಪ್ರಾಕ್ಸಿಯ ವಿಳಾಸದಿಂದಲೇ ಬಂದಂತೆ ಕಾಣತೊಡಗಿ, ಅದನ್ನು ಸರಿಪಡಿಸುವ ಹೊಸ ಕೆಲಸ ಹುಟ್ಟಿತು. ಎಸ್‌ಎಸ್‌ಎಚ್ (ದೂರದಿಂದ ಸರ್ವರನ್ನು ನಿರ್ವಹಿಸುವ ಸಂಪರ್ಕ) ಈ ಪ್ರಾಕ್ಸಿಯನ್ನು ಹಾಯ್ದು ಹೋಗುವುದಿಲ್ಲ. ಕಚೇರಿಯಿಂದ ಸರ್ವರ್ ಮುಟ್ಟಬೇಕಾದರೆ ಇಂದಿಗೂ ಫೋನಿನ ಹಾಟ್‌ಸ್ಪಾಟ್ ಹಚ್ಚುತ್ತೇನೆ. (ಸಹೋದ್ಯೋಗಿಗಳು ನಾನು ಕ್ರಿಕೆಟ್ ನೋಡುತ್ತಿದ್ದೇನೆಂದು ತಿಳಿದಿದ್ದಾರೆ.)

ಇಮೇಲ್ ಸರ್ವರ್ ನಡೆಸುವ ಯೋಚನೆಯಿದ್ದವರು ಇದನ್ನು ಕೊಳ್ಳಲೇಬಾರದು. ಐಪಿವಿ4 ಮಾತ್ರ ಬಲ್ಲ ಅಂಚೆ ಸರ್ವರುಗಳು ಇನ್ನೂ ಸಾಕಷ್ಟಿವೆ, ಅವುಗಳಿಗೆ ಇಲ್ಲಿಂದ ನೇರವಾಗಿ ಪತ್ರ ತಲುಪುವುದಿಲ್ಲ.

ಬ್ಯಾಕಪ್ ಇಡುವವರಿಗೆ, ಪ್ರಾಕ್ಸಿಯ ಹಿಂದೆ ಜಾಲತಾಣ ನಡೆಸುವವರಿಗೆ ಇದು ಒಳ್ಳೆಯ ವ್ಯಾಪಾರ. ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮಾರಾಟಗಾರರು ತಮ್ಮದೇ ನ್ಯಾಟ್64 ದ್ವಾರವನ್ನು ತೆರೆದ ದಿನ ನಾಲ್ಕಾಗುತ್ತದೆ. ಜಾಲತಾಣದ ಚಂದಾ ನವೀಕರಿಸಿದ್ದೇನೆ, ಅಂಚೆಯನ್ನು ಮಾತ್ರ ಹಳೆಯ ವಿಳಾಸವಿರುವ ಇನ್ನೊಂದು ಯಂತ್ರಕ್ಕೆ ಸಾಗಿಸಿದ್ದೇನೆ.