ಕಾಯಿಲ್‌ಗೆ ಕವರ್ ಹಾಕಿದ್ದೀರಾ? ಒಮ್ಮೆ ಬಿಚ್ಚಿ ನೋಡಿ

ಮೆಟಲ್ ಡಿಟೆಕ್ಟರ್ ಬಳಸುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಕಾಯಿಲ್‌ಗೆ, ಅಂದರೆ ನೆಲದ ಮೇಲೆ ಆಡಿಸುವ ತಟ್ಟೆಯಂಥ ಭಾಗಕ್ಕೆ, ಪ್ಲಾಸ್ಟಿಕ್ ಕವರ್ ಹಾಕಿ ನೆಮ್ಮದಿಯಾಗಿರುವವರು ತಪ್ಪದೆ ಓದಿ. ನಾನೂ ಹಾಗೇ ಇದ್ದೆ. ಹೊಸ ಕಾಯಿಲ್ ಕೈಗೆ ಬಂದ ದಿನವೇ ಕವರ್ ಹಾಕಿದೆ. 2 ವರ್ಷ ಒಮ್ಮೆಯೂ ಬಿಚ್ಚಲಿಲ್ಲ. ಆ ಕವರ್‌ನಿಂದಲೇ ಕಾಯಿಲ್ ಹಾಳಾಯಿತು.

ಮೊದಲು ಗೊತ್ತಾಗಿದ್ದು ಒದ್ದೆ ಹುಲ್ಲಿನಲ್ಲಿ. ಇಬ್ಬನಿ ಬಿದ್ದ ಹುಲ್ಲಿಗೆ ಕಾಯಿಲ್ ತಾಗಿದರೆ ಸಾಕು, ಬೀಪ್ ಅನ್ನುತ್ತಿತ್ತು. ಅಗೆದರೆ ಏನೂ ಇಲ್ಲ. ಬಿಸಿಲೇರಿ ಹುಲ್ಲು ಒಣಗಿದ ಮೇಲೆ ತಾನಾಗಿ ಸರಿಹೋಗುತ್ತಿತ್ತು. ಮಣ್ಣಿನಲ್ಲೇ ಏನೋ ಇದೆ ಅಂದುಕೊಂಡೆ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಖನಿಜಗಳಿಗೆ ಮೆಷಿನ್ ಕೂಗದಂತೆ ಹೊಂದಿಸುವುದು, ಮತ್ತೆ ಮತ್ತೆ ಮಾಡಿದೆ. ಆಗಲೂ ನಿಲ್ಲದಿದ್ದಾಗ ಸೆನ್ಸಿಟಿವಿಟಿ ಇಳಿಸಿದೆ. ಸದ್ದೇನೋ ನಿಂತಿತು, ಆದರೆ ಆಳದಲ್ಲಿದ್ದ ನಾಣ್ಯಗಳೂ ಸಿಗುವುದು ನಿಂತಿತು. ಸುಮಾರು 4 ತಿಂಗಳು ಹೀಗೇ ಕಳೆದೆ. ಕವರ್ ಬಿಚ್ಚಿ ನೋಡಬೇಕು ಅಂತ ಒಂದು ಸಲವೂ ಹೊಳೆಯಲಿಲ್ಲ.

ಕೊನೆಗೊಂದು ದಿನ ಕಡಲ ತೀರದ ಒದ್ದೆ ಮರಳಿನಲ್ಲಿ ಮೆಷಿನ್ ಬಾಯೇ ಮುಚ್ಚಲಿಲ್ಲ. ಮನೆಗೆ ಬಂದು ಕವರ್ ಎಳೆದೆ. ಬರಲಿಲ್ಲ. ಅಂಚಿನ ಸುತ್ತ ಮರಳು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬಿಸಿನೀರಿಲ್ಲದೆ ಬರೀ ತಣ್ಣೀರು ಬಿಟ್ಟು, ಪ್ಲಾಸ್ಟಿಕ್ ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿದೆ. ಒಳಗೆ ಮರಳಿನ ಪದರ, ಅದರ ನಡುವೆ ಕಪ್ಪು ಗೆರೆಗಳು. ಒಣಗಿಸಿ ಅಯಸ್ಕಾಂತ ಹಿಡಿದರೆ ಆ ಕಪ್ಪು ಕಣಗಳು ಮುಳ್ಳಿನ ಹಾಗೆ ಎದ್ದು ನಿಂತವು. ಅದು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಅದಿರಿನ ಮರಳು. ಅಷ್ಟು ದಿನ ಅದನ್ನು ಕಾಯಿಲ್‌ನ ಮೈಗೆ ಅಂಟಿಸಿಕೊಂಡೇ ಹುಡುಕುತ್ತಿದ್ದೆ!

ಮರಳು ತೊಳೆದು ಕಾಯಿಲ್‌ನ ತಳ ನೋಡಿದಾಗ ಹೊಟ್ಟೆ ಚುರುಕ್ ಅಂದಿತು. ತಳದಲ್ಲಿ ಅಚ್ಚಾಗಿದ್ದ ಅಕ್ಷರಗಳು ಮಾಯ. ಮುಂದಿನ ಅಂಚಿನಲ್ಲಿ ಪ್ಲಾಸ್ಟಿಕ್ ಸವೆದು ತೆಳುವಾಗಿ, ಉಗುರಿನಷ್ಟು ಜಾಗದಲ್ಲಿ ಒಳಗಿನ ಕಪ್ಪು ಪದರ ಕಾಣುತ್ತಿತ್ತು. ಬೆರಳಿನಿಂದ ಒರೆಸಿದರೆ ಪೆನ್ಸಿಲ್ ಪುಡಿಯಂಥ ಕಪ್ಪು ಬೆರಳಿಗೆ ಹತ್ತಿತು.

ಆ ಕಪ್ಪು ಪದರ ಏನು ಅಂತ ಗೊತ್ತಿದ್ದರೆ ಒದ್ದೆ ಹುಲ್ಲಿನ ಬೀಪ್ ಯಾಕೆ ಅಂತಲೂ ಅರ್ಥವಾಗುತ್ತದೆ. ಕಾಯಿಲ್ ಒಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದು ನೆಲಕ್ಕೆ ಸಿಗ್ನಲ್ ಕಳಿಸುತ್ತದೆ, ಇನ್ನೊಂದು ಲೋಹದಿಂದ ಮರಳಿ ಬರುವುದನ್ನು ಕೇಳಿಸಿಕೊಳ್ಳುತ್ತದೆ. ಕಳಿಸುವುದರ ಸದ್ದು ಕೇಳುವುದಕ್ಕೆ ಹೆಚ್ಚುಕಡಿಮೆ ತಲುಪದ ಹಾಗೆ ಎರಡನ್ನೂ ಅಳೆದು ಕೂರಿಸಿ, ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಿ ಅಲುಗದಂತೆ ಮಾಡಿರುತ್ತಾರೆ. ಇವುಗಳ ಸುತ್ತ ಕರೆಂಟ್ ಹರಿಯುವಂಥ ತೆಳು ಲೇಪ ಇರುತ್ತದೆ. ನನ್ನದರಲ್ಲಿ ಅದು ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ ಕಪ್ಪು ವಸ್ತು) ಬೆರೆಸಿದ ಪೇಂಟ್. ಇದೇ ಶೀಲ್ಡ್. ನೀರು, ಒದ್ದೆ ಎಲೆ, ನಮ್ಮ ಕೈ ಹತ್ತಿರ ಬಂದಾಗ ಸುರುಳಿ ಗಲಿಬಿಲಿಯಾಗದಂತೆ ಇದು ತಡೆಯುತ್ತದೆ. ಶೀಲ್ಡ್ ಸವೆದರೆ ಇಬ್ಬನಿಯೂ ಲೋಹದ ಹಾಗೆ ಕೂಗಿಸುತ್ತದೆ.

ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಅದರದು 7, ಉಕ್ಕಿನ ಚಾಕುವಿಗಿಂತ ಜಾಸ್ತಿ. ಪ್ಲಾಸ್ಟಿಕ್ ಅದರ ಮುಂದೆ ಎಷ್ಟರದು? ಕವರ್ ಇಲ್ಲದಿದ್ದರೆ ಮರಳು ಉಜ್ಜಿ ಬಿದ್ದುಹೋಗುತ್ತದೆ. ಕವರ್ ಒಳಗೆ ಸಿಕ್ಕಿಕೊಂಡ ಮರಳು ಎಲ್ಲಿಗೂ ಹೋಗುವುದಿಲ್ಲ. ಕಾಯಿಲ್ ಆಡಿಸಿದಾಗಲೆಲ್ಲ ಕವರ್ ಕೊಂಚ ಅಲುಗುತ್ತದೆ, ಮರಳು ಅದೇ ಜಾಗವನ್ನು ಉಪ್ಪುಕಾಗದದ ಹಾಗೆ ತಿಕ್ಕುತ್ತದೆ. ಕಪ್ಪು ಮರಳಿನದು ಇನ್ನೂ ಒಂದು ಕಾಟ. ಅದು ಒಳಗೇ ಜಾಗ ಬದಲಿಸುತ್ತಾ ಇರುವುದರಿಂದ ಗ್ರೌಂಡ್ ಬ್ಯಾಲೆನ್ಸ್ ಎಷ್ಟು ಮಾಡಿದರೂ ನಿಲ್ಲುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕಾಯಿಲ್ ಉಳಿಯುತ್ತಿತ್ತೇನೋ. ಗಟ್ಟಿಯಾಗಿರಲಿ ಅಂತ ಉಕ್ಕಿನ ಪುಡಿ ಬೆರೆತ ಎಪಾಕ್ಸಿ ತಂದು ಆ ಜಾಗಕ್ಕೆ ಮೆತ್ತಿಬಿಟ್ಟೆ. ಮರುದಿನ ಆನ್ ಮಾಡಿದರೆ ಒಂದೇ ಸಮನೆ ಕೂಗು. ಲೋಹ ಹುಡುಕುವ ಕಾಯಿಲ್‌ಗೆ ನಾನೇ ಲೋಹ ಅಂಟಿಸಿದ್ದೆ. ಕೆರೆದು ತೆಗೆಯಲು ಹೋಗಿ ಒಳಗಿನ ತಂತಿಗೆ ಬ್ಲೇಡ್ ತಾಗಿತು. ಅಲ್ಲಿಗೆ ಮುಗಿಯಿತು. ಸವೆತ ವಾರಂಟಿಯಲ್ಲಿ ಬರುವುದಿಲ್ಲ ಅಂತ ಮಾರಿದವರು ಹೇಳಿದರು, ಹೊಸ ಕಾಯಿಲ್ ಕೊಳ್ಳಲೇಬೇಕಾಯಿತು.

ಹಾಗಂತ ಕವರ್ ಬಿಸಾಡಬೇಡಿ. ಕಲ್ಲು, ಕೂಳೆ ಇರುವ ಜಾಗದಲ್ಲಿ ಅದು ಬೇಕೇ ಬೇಕು. ಆದರೆ ಪ್ರತಿ ಸಲ ಮನೆಗೆ ಬಂದ ಮೇಲೆ ಬಿಚ್ಚಿ. ಉಪ್ಪಿಲ್ಲದ ನೀರಿನಲ್ಲಿ ಎರಡನ್ನೂ ತೊಳೆದು, ಬೇರೆ ಬೇರೆಯಾಗಿ ನೆರಳಲ್ಲಿ ಒಣಗಿಸಿ, ಆಮೇಲೆ ಹಾಕಿ. ಮರಳು ಬರದಿರಲಿ ಅಂತ ಅಂಚಿಗೆಲ್ಲ ಸಿಲಿಕೋನ್ ಬಳಿಯುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಎಲ್ಲಾದರೂ ಸಣ್ಣ ತೂತಿದ್ದರೆ ನೀರು ಒಳಗೇ ಕೂರುತ್ತದೆ, ನಮಗೆ ಕಾಣುವುದೂ ಇಲ್ಲ.

ತಳದಲ್ಲಿ ಬರೀ ಗೀರು ಬಿದ್ದಿದ್ದರೆ ಚೆನ್ನಾಗಿ ಒಣಗಿಸಿ, ಲೋಹವಾಗಲಿ ಕಾರ್ಬನ್ ಆಗಲಿ ಬೆರೆಸದ ಸಾದಾ ಎಪಾಕ್ಸಿ ತೆಳುವಾಗಿ ಹಚ್ಚಬಹುದು. ಅಸಿಟೋನ್‌ನಿಂದ (ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಇರುವಂಥದ್ದು) ಮಾತ್ರ ಒರೆಸಬೇಡಿ, ಕಾಯಿಲ್‌ನ ಮೈ ಎಬಿಎಸ್ ಪ್ಲಾಸ್ಟಿಕ್‌ನದಾಗಿದ್ದರೆ ಅದರಲ್ಲಿ ಕರಗುತ್ತದೆ. ಬಿಸಿಲಲ್ಲಿ ಕಾದ ಕಾಯಿಲನ್ನು ಸೀದಾ ತಣ್ಣೀರಿಗೆ ಇಳಿಸಬೇಡಿ. ಒಳಗಿನ ಗಾಳಿ ಕುಗ್ಗಿ, ಕೂದಲೆಳೆ ಬಿರುಕಿನಿಂದಲೂ ನೀರು ಎಳೆದುಕೊಳ್ಳುತ್ತದೆ. ಇನ್ನು ನೆಲಕ್ಕೆ ತಿಕ್ಕಿ ತಿಕ್ಕಿ ಆಡಿಸುವ ಅಭ್ಯಾಸ ಇದ್ದರೆ 1 ಸೆಂಟಿಮೀಟರ್ ಮೇಲೆತ್ತಿ. ಕಳೆದುಕೊಳ್ಳುವ ಆಳವೂ ಸುಮಾರು ಅಷ್ಟೇ.

ಅನುಮಾನ ಬಂದರೆ ಮನೆಯಲ್ಲೇ ನೋಡಬಹುದು. ಹತ್ತಿರದಲ್ಲಿ ಲೋಹ ಇಲ್ಲದ ಕಡೆ ಕವರ್ ತೆಗೆದು ಕಾಯಿಲ್ ಹಿಡಿದುಕೊಳ್ಳಿ. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ತಳದ ಮೇಲೆಲ್ಲ ಮೆಲ್ಲಗೆ ಆಡಿಸಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೂಗಿದರೆ ಅಲ್ಲಿ ಬೆಳಕು ಬಿಟ್ಟು ನೋಡಿ. ಕೇಬಲನ್ನೂ ಅಲುಗಿಸಿ ನೋಡಿ, ಕೆಲವು ಸಲ ತಪ್ಪು ಅಲ್ಲಿರುತ್ತದೆ.

ಹೊಸ ಕಾಯಿಲ್‌ಗೂ ಕವರ್ ಹಾಕಿದ್ದೇನೆ. ಮೊನ್ನೆ ಅರ್ಧ ದಿನ ಓಡಾಡಿ ಬಂದು ಬಿಚ್ಚಿದೆ. ಅಷ್ಟರಲ್ಲೇ ಒಂದು ಚಮಚ ಮರಳು ಬಿತ್ತು.